ಆರು ಕುರ್ಚಿಯ ಮೇಜು

"ಅಗೀರಿ ಸರ್, ಅಗೀರಿ! ಬಾಯಿ ಆಡಿಸ್ತಾ ಇರಿ," ಎಂದು ಮಾಲೀಕರ ಸೊಸೆ ಫೋನಿನ ಹಿಂದಿನಿಂದ ಕೂಗಿದಳು.

ತಟ್ಟೆಯಲ್ಲಿ ಏನಾದರೂ ಇದ್ದರಲ್ಲವೇ ಅಗಿಯುವುದು! ಆದರೂ ಡೈನಿಂಗ್ ಸರ್ ಹಸಿದವರ ಹಾಗೆ ಅಗಿದರು. ತಟ್ಟೆಯನ್ನು ಮೇಜಿಗೇ ಅಂಟಿಸಲಾಗಿತ್ತು. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಮೇಜು ನೋಡಲು ಬಂದು, ತಟ್ಟೆಯನ್ನು ಚೀಲಕ್ಕಿಳಿಸಿಕೊಂಡು ಹೋದ ಮೇಲೆ ಆ ಫರ್ನಿಚರ್ ಅಂಗಡಿಯಲ್ಲಿ ಲೋಟ, ಹೂದಾನಿ ಎಲ್ಲಕ್ಕೂ ಗೋಂದು ಬಿದ್ದಿತ್ತು. ಊಟದ ಮೇಜುಗಳ ವಿಭಾಗ ನೋಡಿಕೊಳ್ಳುತ್ತಿದ್ದುದರಿಂದ ಅವರಿಗೆ ಡೈನಿಂಗ್ ಸರ್ ಎಂಬ ಹೆಸರೂ ಹಾಗೇ ಅಂಟಿಕೊಂಡಿತ್ತು.

ಜಾಹೀರಾತಿಗೆ ಹೊರಗಿನವರು ಯಾಕೆ, ನಮ್ಮವರೇ ಇಲ್ಲವೇ ಎಂದು ಹೊರಟವಳು ಈ ಸೊಸೆ. ವಾರಕ್ಕೊಂದು ದಿನ, ಅಂಗಡಿ ತೆರೆಯುವ ಮೊದಲು, ಕೆಲಸಗಾರರನ್ನೇ ಮೇಜಿನ ಸುತ್ತ ಕೂರಿಸಿ ವಿಡಿಯೋ ಮಾಡುತ್ತಿದ್ದಳು. ಡೈನಿಂಗ್ ಸರ್ ಅಪ್ಪ. ಪರದೆ ವಿಭಾಗದ ಅಕ್ಕ ಅಮ್ಮ. ಬಿಲ್ ಕೌಂಟರಿನ ಹುಡುಗಿ ಮಗಳು. ಮೊದಲ ದಿನ "ಈ ವಯಸ್ಸಲ್ಲಿ ನನಗ್ಯಾಕಮ್ಮ ಈ ವೇಷ" ಎಂದು ಗೊಣಗಿದ್ದ ಮನುಷ್ಯ ಈಗ ಆ ದಿನ ಬಂತೆಂದರೆ ಎಲ್ಲರಿಗಿಂತ ಮೊದಲು ಬಂದು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ತಮ್ಮ ಕುರ್ಚಿಯ ಮೇಲೆ ಕೂತಿರುತ್ತಿದ್ದರು. "ಅಪ್ಪ, ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಬಿಲ್ಲಿನ ಹುಡುಗಿ ಖಾಲಿ ಸೌಟು ಬಗ್ಗಿಸಿದರೆ ಅವರಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಮನೆಯಲ್ಲಿ ಅವರು ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದರು. ಈ ಅಂಗಡಿ ಸೇರುವ ಮುನ್ನ ಊರೂರು ಅಲೆದು ಮೇಜು ಮಾರಿದವರ ಮನೆಯಲ್ಲಿ ಮೇಜಿರಲಿಲ್ಲ.

ಆ ಅಲೆದಾಟವೇ ಅವರ ಮನೆಯನ್ನು ತಿಂದಿತ್ತು. ಮಗಳು ಬೆಳೆದದ್ದು ಅವರು ಊರಲ್ಲಿಲ್ಲದಾಗ. ಹೆಂಡತಿ ಕಣ್ಣು ಮುಚ್ಚಿದ ದಿನವೂ ಅವರು ಇನ್ನೆಲ್ಲೋ ಲಾಡ್ಜಿನಲ್ಲಿ ಫೋನು ಆರಿಸಿ ಮಲಗಿದ್ದರು. ಬಂದಾಗ ಎಲ್ಲಾ ಮುಗಿದಿತ್ತು. "ಇಷ್ಟು ದಿನ ಹೇಗೆ ಇರ್ಲಿಲ್ವೋ, ಇನ್ನು ಮುಂದೂ ಹಾಗೇ ಇಲ್ದೇ ಇರು," ಎಂದು ಮಗಳು ಬಾಗಿಲಲ್ಲೇ ಹೇಳಿದಳು. ಆಮೇಲೆ ಆಕೆ ಮಾತಾಡಿದ್ದಿಲ್ಲ. ಅವರು ಆಗಾಗ ಫೋನು ಮಾಡುತ್ತಿದ್ದರು. ಮೊದಲ ರಿಂಗಿಗೇ ಅದು ಕಟ್ಟಾಗುತ್ತಿತ್ತು.

ಹೋದ ವಾರದ ವಿಡಿಯೋದಲ್ಲಿ ಬಿಲ್ಲಿನ ಹುಡುಗಿ ತಟ್ಟೆಯ ಮುಂದೆ ಕೂತು ನಿಜವಾಗಿಯೇ ಮೊಬೈಲು ನೋಡುತ್ತಿದ್ದಳು. ಹೇಳಿಕೊಟ್ಟ ಮಾತು ಮರೆತು ಡೈನಿಂಗ್ ಸರ್ ಗದರಿದ್ದರು: "ಗುಬ್ಬಿ, ಮೊದಲು ಊಟ ಮಾಡೇ. ಫೋನು ಎಲ್ಲೂ ಓಡಿಹೋಗಲ್ಲ."

ಸೊಸೆ ಕುಣಿದಾಡಿಬಿಟ್ಟಳು. "ಗುಬ್ಬಿ! ಎಷ್ಟು ಮುದ್ದಾಗಿದೆ! ಎಲ್ಲಿಂದ ಬಂತು ಸರ್?"

"ಹಾಗೇ ಬಾಯಿಗೆ ಬಂತಮ್ಮ," ಎಂದಿದ್ದರು ಅವರು.

ವಿಡಿಯೋ ಎಲ್ಲೆಲ್ಲೋ ಓಡಿತು. ಗಿರಾಕಿಗಳು ಬಿಲ್ ಕೌಂಟರಿಗೆ ಬಂದು "ಗುಬ್ಬಿ ನೀನೇ ಅಲ್ವಾ?" ಎಂದು ಕೇಳುವಷ್ಟಾಯಿತು. ಪ್ರತಿ ಸಲವೂ ಡೈನಿಂಗ್ ಸರ್ ತಲೆ ತಗ್ಗಿಸಿ ಮೇಜು ಒರೆಸುತ್ತಿದ್ದರು.

ಇವತ್ತಿನ ಚಿತ್ರೀಕರಣ ಮುಗಿದಾಗ ಸೊಸೆ ಅದೇ ವಿಡಿಯೋದ ಕಾಮೆಂಟುಗಳನ್ನು ಗಟ್ಟಿಯಾಗಿ ಓದತೊಡಗಿದಳು. "ಕೇಳಿ ಸರ್, 'ಅಪ್ಪ ಅಂದ್ರೆ ಹೀಗಿರಬೇಕು' ಅಂತೆ. ಇನ್ನೊಬ್ಬರು, 'ಇಂಥ ಮನೇಲಿ ಹುಟ್ಟಬೇಕಿತ್ತು' ಅಂತೆ. ಇದ್ಯಾರೋ ತಮಾಷೆ ಮಾಡಿದ್ದಾರೆ ನೋಡಿ. 'ಅಪ್ಪ, ಆ ಹೆಸರು ನಂದು. ತೆಗೆಸಿಬಿಡು.'"

ಪರದೆ ಅಕ್ಕ ನಕ್ಕಳು. ಡೈನಿಂಗ್ ಸರ್ ಕೈ ಚಾಚಿದರು. "ಎಲ್ಲಿ, ಕೊಡಿಮ್ಮ."

ಬರೆದವಳ ಮುಖವಿರಲಿಲ್ಲ, ಕಿಟಕಿಯೊಂದರ ಚಿತ್ರವಿತ್ತು. ಆದರೆ ಹೆಸರು ಮಗಳದೇ; ಅದರ ಮುಂದೆ ಅಪ್ಪನ ಹೆಸರಿದ್ದ ಜಾಗದಲ್ಲಿ ಈಗ ಅಮ್ಮನ ಹೆಸರು ಇಟ್ಟುಕೊಂಡಿದ್ದಳು. ಬೈದದ್ದೇ ಇರಲಿ, ಅಪ್ಪ ಎಂದು ಕರೆದೇ ಬೈದಿದ್ದಳು.

"ಇದನ್ನ ತೆಗೆದುಬಿಡಿಮ್ಮ," ಎಂದರು.

"ಕಾಮೆಂಟಾ?"

"ವಿಡಿಯೋನ. ಬರೆದಿರೋದು ನನ್ನ ಮಗಳು."

ಸೊಸೆಯ ನಗು ಇಳಿಯಿತು. "ನಿಮಗೆ ಮಗಳಿದ್ದಾಳಾ ಸರ್?" ಎಂದಳು. ಆಮೇಲೆ, "ಇಷ್ಟು ಜನ ನೋಡಿರೋದು ಇದೊಂದೇ. ಮಾವನವರಿಗೆ ಏನಂತ ಹೇಳ್ಲಿ?" ಎಂದಳು.

"ನಾನು ಹೇಳ್ತೀನಿ. ಮುಂದಿನ ವಾರದಿಂದ ಅಪ್ಪನ ಜಾಗಕ್ಕೆ ಮಂಚದ ವಿಭಾಗದವರನ್ನ ಕೂರಿಸ್ಕೊಳ್ಳಿ. ಅವರಿಗೆ ಆಸೆ ಇದೆ."

"ವಿಡಿಯೋ ಹೋದ್ರೆ ಕೆಳಗಿರೋದೂ ಹೋಗುತ್ತೆ ಸರ್. ಅವಳು ಬರೆದಿರೋದೂನು."

ಅದು ಅವರಿಗೆ ಹೊಳೆದಿರಲಿಲ್ಲ. ಇಷ್ಟು ವರ್ಷಕ್ಕೆ ಮಗಳಿಂದ ಬಂದದ್ದು ಅದೊಂದು ಸಾಲು. ಅವರು ಅದನ್ನು ಮತ್ತೆ ಓದಿದರು, ಮೊದಲ ಪದದಲ್ಲೇ ನಿಂತುಬಿಟ್ಟರು.

"ಬೇಕಾದ್ರೆ ಅದರದ್ದೊಂದು ಫೋಟೋ ತೆಗೆದು ನಿಮಗೆ ಕಳಿಸ್ಲಾ?" ಎಂದಳು ಸೊಸೆ ಮೆಲ್ಲಗೆ.

ಆಸೆಯೇನೋ ಆಯಿತು. "ಬೇಡಮ್ಮ," ಎಂದರು. "ತೆಗೆಸು ಅಂದಿದ್ದಾಳೆ. ನನಗೆ ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ತೆಗೆಯೋದು ಚೆನ್ನಾಗಿರಲ್ಲ."

ಅವಳು ಫೋನು ತೆಗೆದುಕೊಂಡು ಬೆರಳೊತ್ತಿದಳು. "ಹೋಯ್ತು ಸರ್."

ಬಿಲ್ಲಿನ ಹುಡುಗಿ ತನ್ನ ಕೌಂಟರಿಗೆ ಎದ್ದುಹೋದಳು. ಪರದೆ ಅಕ್ಕ ಅವರ ಭುಜ ಮುಟ್ಟಿ ಮೇಲಿನ ಮಹಡಿ ಹತ್ತಿದಳು. ಮುಂಬಾಗಿಲಿನ ಶಟರ್ ಕಿರುಗುಟ್ಟುತ್ತಾ ಮೇಲಕ್ಕೆ ಹೋಯಿತು. ಡೈನಿಂಗ್ ಸರ್ ಕುರ್ಚಿಗಳನ್ನು ಒಳಗೆ ತಳ್ಳಿ, ಜೇಬಿನಿಂದ ಫೋನು ತೆಗೆದು ಮಗಳ ನಂಬರು ಒತ್ತಿದರು. ತೆಗೆಸಿದೆ ಎಂದಷ್ಟೇ ಹೇಳಬೇಕಿತ್ತು.

ಒಂದು ರಿಂಗಾಯಿತು. ಅವರು ಅಭ್ಯಾಸಬಲದಿಂದ ಫೋನನ್ನು ಕಿವಿಯಿಂದ ಇಳಿಸಹೊರಟವರು ಹಾಗೇ ನಿಂತರು. ಅದು ಕಟ್ಟಾಗಿರಲಿಲ್ಲ. ರಿಂಗಾಗುತ್ತಲೇ ಇತ್ತು.

"ಈ ಮೇಜಲ್ಲಿ ಎಷ್ಟು ಜನ ಕೂರಬಹುದು ಸರ್?" ಗಿರಾಕಿ ದಂಪತಿ ಎದುರಿಗೆ ಬಂದು ನಿಂತಿದ್ದರು.

ಅವರು ಫೋನು ಕಿವಿಗೊತ್ತಿಕೊಂಡೇ, ಒಂದು ನಿಮಿಷ ಎಂದು ಕೈಯಲ್ಲಿ ಸನ್ನೆ ಮಾಡಿದರು. ಆಮೇಲೆ ಅದೇ ಕೈಯಿಂದ ಮೆಲ್ಲಗೆ, ಸದ್ದಾಗದಂತೆ, ಒಂದು ಕುರ್ಚಿ ಹೊರಗೆಳೆದರು. ಆ ಕಡೆ ಯಾರೂ ಎತ್ತಲಿಲ್ಲ. ಯಾರೂ ಕತ್ತರಿಸಲೂ ಇಲ್ಲ. ರಿಂಗು ತಾನಾಗಿಯೇ ನಿಲ್ಲುವವರೆಗೂ ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿಸಿಕೊಂಡರು.