ಒಳಗಿನ ಹಸಿ

ಚಕ್ಕುಲಿ ಒರಳನ್ನು ಇನ್ನೊಂದು ಸುತ್ತು ತಿರುಗಿಸಿ ಒತ್ತಿದಳು ಹೇಮಶ್ರೀ, ತೊಟ್ಟಿಯಿಂದ ಸೋಸಿ ತೆಗೆದ ಸ್ಪಿರುಲಿನಾ ಪಾಚಿ ಚಕ್ಕುಲಿ ಹಿಟ್ಟಿನ ಹಾಗೆ ಹಿಂಡಿಕೊಂಡು ಜಾಲರಿ ತಟ್ಟೆಯ ಮೇಲೆ ಇಳಿಯಿತು, ಎಷ್ಟು ದಪ್ಪ ಎಳೆ, ಖಾರಸೇವೆಯಷ್ಟು ದಪ್ಪ — ಶ್ಯಾವಿಗೆಯ ಬಿಲ್ಲೆ ಹಾಕಿದ್ದರೆ ಈ ಮೋಡದಲ್ಲೂ ಸಂಜೆಯೊಳಗೆ ಒಣಗಿ ಪಟ್ಟನೆ ಮುರಿಯುತ್ತಿತ್ತು, ಬಿಲ್ಲೆ ಬದಲಿಸಿದವನು ಗಂಡ, ದಪ್ಪಗಿದ್ರೆ ಬೇಗ ಒತ್ತಿ ಮುಗಿಯತ್ತೆ ಹೇಮಾ, ಹೀಟರ್ ಜೋರಾಗಿ ಇಟ್ಬಿಡೋಣ, ವಸಂತ್ ಹಾಗೆಂದು ಅದರ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದ, ಹೊಸ ತಿಪ್ಪಸಂದ್ರದಲ್ಲಿ ಯಾರ ತಾರಸಿ ಮೇಲೂ ಇಂಥ ಒಣಗಿಸುವ ಪೆಟ್ಟಿಗೆಯಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಾನೆ, ಪೆಟ್ಟಿಗೆಯ ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಉಸಿರು, ನಿನ್ನೆಯ ಎಳೆ ಮೇಲೆ ಗರಿಗರಿ, ಮುರಿದರೆ ನಡುವೆ ಕಪ್ಪಗೆ, ಜಿಗುಟು, ಸತ್ತ ಮೀನಿನ ವಾಸನೆ, ಸಿಪ್ಪೆ ಮೊದಲೇ ಗಟ್ಟಿಯಾಗಿ ನೀರನ್ನು ಒಳಗೇ ಕೂಡಿಹಾಕಿದೆ, ಬೆಳಿಗ್ಗೆಯೇ ಮೂಗಿನ ಹತ್ತಿರ ಹಿಡಿದು ತೋರಿಸಿದ್ದಳು, ಪಾಚಿ ಪಾಚಿ ಥರಾನೇ ನಾರತ್ತೆ ಕಣೆ, ಮಲ್ಲಿಗೆ ಹೂ ಥರ ಬರತ್ತಾ, ನಕ್ಕಿದ್ದ, ಮಿಕ್ಸಿಗೆ ಹಾಕಿದ್ರೆ ಎಲ್ಲಾ ಒಂದೇ — ಹೋದ ವಾರವೂ ಹೀಗೇ ಪುಡಿಯಾಗಿ ಡಬ್ಬಿ ಸೇರಿತ್ತು, ಆಟೋ ಅಕ್ತರ್ ತನ್ನ ಮಗಳಿಗೆಂದು ಒಯ್ದಿದ್ದ, ಜ್ವರ ಬಿಟ್ಟು ಎದ್ದ ಮಗು, ರಾಗಿ ಗಂಜಿಗೆ ಬೆರೆಸಿ ಕೊಟ್ಟರಂತೆ, ಮೊನ್ನೆ ಗೇಟಿನ ಹತ್ತಿರ ತಲೆ ಕೆರೆದುಕೊಳ್ಳುತ್ತ ನಿಂತ, ಅಕ್ಕಾ, ಪಾಪು ರಾತ್ರಿಯೆಲ್ಲಾ ಕಕ್ಬಿಟ್ಳು, ಹಸ್ರಾಗೇ ಬಂತು, ಜಾಸ್ತಿ ಹಾಕ್ಬಿಟ್ವೇನೋ ನಾವೇ, ತಪ್ಪು ತನ್ನದೇ ಎಂಬಂತೆ ಹಲ್ಲು ಬಿಟ್ಟ, ಒಂದು ಚಮಚ ಕಮ್ಮಿ ಹಾಕು ಗುರು, ವಸಂತ್ ಅವನ ಭುಜ ತಟ್ಟಿದ, ಅವಳು? ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅಷ್ಟೇ, ಆ ಮಗುವಿನ ಕುತ್ತಿಗೆ ಎಷ್ಟು ಸಣ್ಣ, ಒಮ್ಮೆ ಆಟೋದ ಮುಂದಿನ ಸೀಟಿನಲ್ಲಿ ಕೂತು ಆಂಟೀ ಎಂದು ಕೂಗಿದ್ದಳು — ಹೇಮಾ, ಪುಡಿ ಆಯ್ತಾ, ಅಕ್ತರ್ ಬಂದ, ಹೊಸ ಡಬ್ಬಿ ಕೊಟ್ಕಳಿಸ್ಬೇಕು, ಮೆಟ್ಟಿಲಿನಿಂದ ಗಂಡನ ದನಿ, ಇನ್ನೊಂದು ಸಲ ಹೇಳಿದರೆ ಇನ್ನೊಂದು ಸಲ ನಗುತ್ತಾನೆ, ತಾನೇ ಬಂದು ಮಿಕ್ಸಿ ತಿರುಗಿಸುತ್ತಾನೆ, ಬಂದೆ ರೀ, ಅವಳ ಬಾಯಿ ಅಷ್ಟು ಹೇಳಿತು, ಕೈ ಪೆಟ್ಟಿಗೆಯಿಂದ ಮೊದಲ ತಟ್ಟೆಯನ್ನು ಎಳೆಯಿತು, ಬಟ್ಟೆ ನೆನೆಸುವ ಬಕೆಟ್ಟಿನ ನೀರಿಗೆ ಬೋರಲು ಹಾಕಿತು, ಎರಡನೆಯದು, ಮೂರನೆಯದು, ಒಂದೂ ಬಿಡಬಾರದು, ಇನ್ನು ಮುಂದೆ ಇಂಥ ಹಸಿ ಎಳೆಯನ್ನು ಎಂದೂ ಡಬ್ಬಿ ಸೇರಲು ಬಿಡಬಾರದು, ಯಾರಿಗೂ ಹೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ, ಎಳೆಗಳು ತೇಲುತ್ತಿವೆ, ಅಂಗೈಯಿಂದ ಒತ್ತಿ ಹಿಡಿದಳು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಹತ್ತುತ್ತಿದೆ, ಕಪ್ಪು ಹಸಿರು ನೀರಿನ ತಳದಿಂದ ಒಂದು ಗುಳ್ಳೆ ಮೇಲೆ ಬಂದು ಒಡೆಯಿತು, ಅವಳ ಬೆರಳುಗಳ ನಡುವೆ ಇನ್ನೊಂದು, ಇನ್ನೊಂದು —