ಮಗ್ಗುಲಲ್ಲಿ ಕುಳಿತ ಭಯ

ಅಂದಿನ ಪ್ರಭಾತದಲ್ಲಿ ಬೆಳಕಿಗೂ ಹೆಜ್ಜೆಯಿಡಲು ಅಳುಕಿತ್ತೇನೋ! ಸೂರ್ಯ ಮೇಲೇರಿದ್ದರೂ ಬೀದಿಗಳ ಮೇಲೆ ಹರಡಿದ್ದ ಧೂಸರ ಮಂಜು ಕರಗಿರಲಿಲ್ಲ. ಮುಚ್ಚಿದ ಅಂಗಡಿಗಳ ಹಲಗೆಬಾಗಿಲುಗಳಿಂದ ಇಬ್ಬನಿ ನಿಶ್ಶಬ್ದವಾಗಿ ಇಳಿಯುತ್ತಿತ್ತು. ಹಾಲಿನವನ ಕೂಗಿಲ್ಲ, ಬಂಡಿಗಳ ಗಡಗಡವಿಲ್ಲ. ಮಳೆಗೆ ಮುನ್ನ ಮೇಘಮಂಡಲವೆಲ್ಲ ಉಸಿರು ಬಿಗಿಹಿಡಿದು ನಿಲ್ಲುವಂತೆ, ಆ ಪಟ್ಟಣ ಒದಗಲಿರುವ ಆಘಾತದ ನಿರೀಕ್ಷೆಯಲ್ಲಿ ನಿಶ್ಚಲವಾಗಿತ್ತು... ಕಚೇರಿಯ ಮುಂದೆ ಗುಂಪುಗೂಡಿದವರ ಮೇಲೆ ಲಾಠಿ ಬೀಳುವುದೆಂದು, ಕಡಲಾಚೆಯಿಂದ ಬಂದು ಆಳುತ್ತಿದ್ದ ಸರ್ಕಾರ ಹಿಂದಿನ ಸಂಜೆಯಷ್ಟೇ ಡಂಗುರ ಹೊಡೆಸಿತ್ತು. ಆದರೂ ಆ ಆಳ್ವಿಕೆಯನ್ನು ಪ್ರತಿಭಟಿಸಿ ಅಲ್ಲಿಗೆ ಬರಿಗೈಯಲ್ಲಿ ಹೋಗಿ ಸುಮ್ಮನೆ ಕುಳಿತುಕೊಳ್ಳುವುದೆಂದು ಮನೆಮನೆಯಲ್ಲಿ ಮಾತಾಗಿತ್ತು.

ಓಣಿಯ ಕೊನೆಯಲ್ಲಿದ್ದ ದರ್ಜಿಗೆ ಜನ ಮೆಲ್ಲಣ್ಣ ಎಂದೇ ಹೆಸರಿಟ್ಟಿದ್ದರು. ನುಡಿ ಮೆಲ್ಲಗೆ, ನಡಿಗೆ ಮೆಲ್ಲಗೆ. ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವುದು ಹೊಲಿಗೆಯಂತ್ರ ಒಂದೇ ಎಂದು ನೆರೆಯವರ ತಮಾಷೆ. ಅವನು ಹೊಲಿಯುತ್ತಿದ್ದುದು ಪೊಲೀಸರ ಖಾಕಿ ಅಂಗಿಗಳನ್ನು. ಕಾಜಾ ಹಾಕಿ ಗುಂಡಿ ಕೂರಿಸುವುದು ಹೆಂಡತಿಯ ಕೆಲಸ. ಮದುವೆಯಾಗಿ ಇನ್ನೂ ಒಂದು ವಸಂತ ಕಳೆದಿರಲಿಲ್ಲ.

ಅವಳು ಕೊನೆಯ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಮಡಿಸಿಟ್ಟು ಎದ್ದಳು.

"ರೀ, ನಾನು ಹೊರಟೆ. ಬಾಗಿಲು ಹಾಕ್ಕೊಳ್ಳಿ."

"ಹೋಗಬೇಡ ಕಣೇ. ನಂಗೆ ತುಂಬ ಭಯ ಆಗ್ತಿದೆ."

ಅಸ್ತಮಾನದ ಹೊಂಬಿಸಿಲು ಗೋಡೆಯ ಮೇಲೆ ಕ್ಷಣಕಾಲ ತಂಗಿ ಸರಿಯುವಂತೆ ಅವಳ ದೃಷ್ಟಿ ಅವನ ಮುಖದ ಮೇಲೆ ತಂಗಿ ಸರಿಯಿತು... ಮರುಕ್ಷಣ ಹೊಸ್ತಿಲು ಬರಿದಾಗಿತ್ತು! ತನ್ನ ಅಂಜಿಕೆಗೆ ಅವಳು ಮನದಲ್ಲೇ ನಕ್ಕಳೆಂದುಕೊಂಡು ಮೆಲ್ಲಣ್ಣ ಕುಗ್ಗಿಹೋದ. ಸೂಜಿಗೆ ದಾರ ಪೋಣಿಸಲು ಹೋದ, ಆಗಲಿಲ್ಲ. ಅವಳ ಮೇಲೆ ಲಾಠಿ ಬೀಳುವ ಚಿತ್ರ ಕಣ್ಣಿಗೆ ಕಟ್ಟಿತು. ಅವಳನ್ನು ಕೈಹಿಡಿದು ಮನೆಗೆ ಕರೆತರುವುದೊಂದೇ ಉದ್ದೇಶದಿಂದ, ಗೋಡೆಗೋಡೆಯ ಪಕ್ಕದಲ್ಲೇ ನಡೆದು ಕಚೇರಿಯ ರಸ್ತೆಗೆ ಬಂದ.

ಅಬ್ಬಾ, ಆ ಜನಸಾಗರ! ಅಲೆಯಿಲ್ಲದ ಸಾಗರ, ಘೋಷವಿಲ್ಲದ ಸಾಗರ... ರಸ್ತೆಯ ಉದ್ದಗಲಕ್ಕೂ ಜನ ನೆಲಕ್ಕಂಟಿಕೊಂಡು ಕುಳಿತಿದ್ದರು. ಹೆಂಗಸರ ಮುಂದಿನ ಸಾಲಿನಲ್ಲಿ ಅವಳಿದ್ದಳು. ಅವನು ಬಾಗಿ ಏಳೆಂದು ಬೇಡಿಕೊಳ್ಳುವಷ್ಟರಲ್ಲಿ ಕಚೇರಿಯ ಗೇಟು ತೆರೆಯಿತು, ಸೀಟಿ ಮೊಳಗಿತು. ಹಿಂದೆ ಕುಳಿತಿದ್ದ ಸೂಲಗಿತ್ತಿ ಅಜ್ಜಿ ಅವನ ಅಂಗಿ ಜಗ್ಗಿ, ನಿಂತವರಿಗೇ ಮೊದಲು ಬೀಳುತ್ತದೆ ಎಂದು ಗದರಿದಳು. ಓದುಗ ಮಹಾಶಯರೇ, ಮೆಲ್ಲಣ್ಣ ಕುಳಿತದ್ದು ಧೈರ್ಯದಿಂದಲ್ಲ; ನಿಂತವರಿಗೇ ಮೊದಲು ಬೀಳುವ ಆ ಲಾಠಿಗೆ ಅಂಜಿ.

ಮುಳುಗುವವನಂತೆ ಅವನು ಹೆಂಡತಿಯ ಕೈ ಹಿಡಿದ. ಹಿಡಿದವನೇ ಬೆಚ್ಚಿದ. ಆ ಕೈ ಹಿಮದಂತೆ ತಣ್ಣಗಾಗಿ, ಬಿರುಗಾಳಿಗೆ ಸಿಕ್ಕ ಎಳೆಚಿಗುರಿನಂತೆ ಥರಥರ ನಡುಗುತ್ತಿತ್ತು!

"ನಿಂಗೂ ಭಯಾನಾ?"

"ಬೆಳಗ್ಗೆಯಿಂದ," ಎಂದಳು ಅವಳು, ತಿರುಗಿ ನೋಡದೆ. "ನಂಗೂ ಅಂತ ಮನೇಲಿ ಅಂದಿದ್ರೆ, ಹೊಸ್ತಿಲು ದಾಟೋಕೇ ಆಗ್ತಿರಲಿಲ್ಲ ರೀ."

ಆಹಾ! ಇಷ್ಟು ತಿಂಗಳು ಒಂದೇ ಸೂರಿನಡಿ ಬಾಳಿದರೂ ಆ ಹೆಣ್ಣಿನ ಅಂತರಂಗದ ಬಾಗಿಲು ಅವನಿಗೆ ತೆರೆದದ್ದು ಈಗ, ಬೂಟುಗಳ ಸದ್ದು ಹತ್ತಿರವಾಗುತ್ತಿದ್ದ ಈ ಘಳಿಗೆಯಲ್ಲಿ... ಏಳೆಂದು ಬೇಡುವುದನ್ನು ಬಿಟ್ಟು ಅವನು ಅವಳ ಮಗ್ಗುಲಿಗೆ ಒತ್ತಿ ಕುಳಿತ.

ಖಾಕಿಯ ಸಾಲು ಎದುರಿಗೆ ಬಂದು ನಿಂತಿತು. ತಲೆಯೆತ್ತಲು ಎದೆಗಾರಿಕೆ ಸಾಲದೆ ಇಬ್ಬರೂ ಅಂಗಿಗಳನ್ನಷ್ಟೇ ನೋಡಿದರು. ಹೊಲಿಗೆ ಅವನದು, ಬಿಗಿಯಾಗಿ ಕೂತಿದ್ದ ಗುಂಡಿಗಳು ಅವಳವು. ಆ ಅಂಗಿಗಳಲ್ಲೊಂದರ ತೋಳು ಮೇಲೆದ್ದಿತು. ಮೆಲ್ಲಣ್ಣ ಕಣ್ಣುಮುಚ್ಚಿ ಹೆಂಡತಿಯ ಮೇಲೆ ಬಾಗಿದ. ಮೊದಲ ಏಟು ಅವನ ಹೆಗಲಿಗೆ ಬಿತ್ತು, ಎರಡನೆಯದು ಅಲ್ಲಿಗೇ. ನೋವಿನಿಂದ ಅವನು ಕೂಗಿಕೊಂಡ. ಸುತ್ತ ಎಷ್ಟೋ ಜನ ಕೂಗಿಕೊಂಡರು. ಆದರೆ ಒಂದು ಕೈಯೂ ಎದುರಿಗೆ ಏಳಲಿಲ್ಲ, ಒಂದು ಜೀವವೂ ಜಾಗ ಬಿಟ್ಟು ಏಳಲಿಲ್ಲ... ಹೊಡೆಯುವವರ ತೋಳುಗಳೇ ಸೋತು, ಕೊನೆಗೆ ಜನರನ್ನು ಎಳೆದೆಳೆದು ಲಾರಿಗಳಿಗೆ ತುಂಬಿದರು.

ಇಬ್ಬರನ್ನೂ ಬೇರೆ ಬೇರೆ ಸೆರೆಮನೆಗಳಿಗೆ ಒಯ್ದರು. ಮಳೆಗಾಲ ಕಳೆದು ಬಿಡುಗಡೆಯಾದಾಗ ಅವನ ಬಲಗೈ ಹೆಗಲಿನ ಮಟ್ಟಕ್ಕಿಂತ ಮೇಲೇರದಾಗಿತ್ತು. ಖಾಕಿ ಬಟ್ಟೆಯ ಗಂಟನ್ನು ಸರ್ಕಾರದ ಗುತ್ತಿಗೆದಾರನಿಗೆ ಹಿಂದಿರುಗಿಸಿ, ನೆರೆಯವರ ಉಡುಪು ಹೊಲಿಯುತ್ತ ಇಬ್ಬರೂ ಬಡತನದಲ್ಲೇ ಬದುಕಿದರು. ಆಳುವವರು ಕಡಲಾಚೆಗೆ ಮರಳಲು ಇನ್ನೂ ಬಹಳ ವರ್ಷಗಳು ಹಿಡಿದವು. ಅಷ್ಟರೊಳಗೆ ಗಂಡಹೆಂಡಿರು ಮತ್ತೆ ಹಲವು ಸಲ ಹಾಗೆಯೇ ರಸ್ತೆಯಲ್ಲಿ ಕುಳಿತರು. ಪ್ರತಿ ಸಲವೂ ಹೊರಡುವ ಮುನ್ನ, ನಂಗೆ ಭಯ ಆಗ್ತಿದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೇ ಹೊರಟರು.

ಅಭಯವೆಂಬುದು ಮಹಾತ್ಮರ ಸಂಪತ್ತು. ಸಾಮಾನ್ಯ ಹೃದಯಗಳಿಗೆ ಅದು ದುರ್ಲಭ. ಆದರೆ ಅಂಜುವ ಜೀವವೊಂದು ಅಂಜುವ ಇನ್ನೊಂದು ಜೀವದೆದುರು ನಾಚದೆ ನಿಂತಾಗ ಹುಟ್ಟುವ ಆ ಕೋಮಲ ವಿಶ್ವಾಸವಿದೆಯಲ್ಲ... ಪ್ರೇಮವೆಂದು ಲೋಕ ಕರೆಯುವುದು ಬಹುಶಃ ಅದನ್ನೇ.