ಮೂರಕ್ಷರದ ಸಿಹಿತಿಂಡಿ

ಶಹಾಬಾದಿನಿಂದ ಹೊರಡುವ ‘ಕಾಗಿಣಾ ಕಿರಣ’ ಪತ್ರಿಕೆಯಲ್ಲಿ ತಪ್ಪಿಲ್ಲದ ಜಾಗ ಒಂದೇ ಇತ್ತು, ಅದು ಭಾನುವಾರದ ಪದಬಂಧ. ಮಿಕ್ಕ ಪುಟಗಳ ಪಾಡು ದೇವರಿಗೇ ಪ್ರೀತಿ. ನಾಲ್ಕನೆಯ ಪುಟದ ಅಡಿಯಲ್ಲಿ ‘ತಿದ್ದುಪಡಿ’ ಎಂಬ ಪುಟ್ಟ ಚೌಕಟ್ಟಿತ್ತು. ತೊಗರಿಯ ಧಾರಣೆ, ರೈಲಿನ ವೇಳೆ, ಮದುಮಗನ ಹೆಸರು ಎಲ್ಲವೂ ವಾರವಾರ ಅಲ್ಲಿ ಬಂದು ಕ್ಷಮೆ ಕೇಳಿ ಹೋಗುತ್ತಿದ್ದವು. ಒಮ್ಮೆ ಭಂಕೂರದ ಹಿರಿಯರೊಬ್ಬರು ಆ ಚೌಕಟ್ಟಿನಲ್ಲಿ ಮತ್ತೆ ಬದುಕಿ ಎದ್ದಿದ್ದರು. ಪದಬಂಧ ಕಟ್ಟುವ ಶಿವರಂಜನಿ ಟೀಚರ ಹೆಸರು ಮಾತ್ರ ಅದರ ಹತ್ತಿರವೂ ಸುಳಿದಿರಲಿಲ್ಲ.

ಶಿವರಂಜನಿ ವಾಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ಅವಳ ಪದಬಂಧ. ‘ಧಾರಾವಾಹಿಯ ಅತ್ತೆ ಸೊಸೆಗೆ ಕೊಡುವ ಹಾಲಿನಲ್ಲಿ ಇರಲೇಬೇಕಾದದ್ದು (೨)’ ಎಂದು ಬರೆಯುವ ಮುಂಚೆ ಮೂರು ಚಾನೆಲ್ಲಿನ ಮೂರು ಅತ್ತೆಯರನ್ನು ನೋಡಿ, ವಿಷವೇ ಹೌದು ಎಂದು ಖಾತ್ರಿ ಮಾಡಿಕೊಂಡವಳು. ಎತ್ತಿಪೋತ ಜಲಪಾತದ ಹೆಸರು ಸರಿಯಾಗಿರಬೇಕೆಂದು ಚಿಂಚೋಳಿಗೆ ಬಸ್ಸು ಹತ್ತಿ ಹೋಗಿ, ಬೋರ್ಡು ಓದಿ, ನೀರಿನ ಕಡೆ ತಿರುಗಿಯೂ ನೋಡದೆ ಮರಳಿದವಳು. ಆ ತಿದ್ದುಪಡಿಯ ಚೌಕಟ್ಟಿನಲ್ಲಿ ತನ್ನ ಹೆಸರು ಬಂದ ದಿನ ಊರಲ್ಲಿ ಮುಖ ತೋರಿಸುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದಳು. ಜಂಬವೆಂದರೆ ಜಂಬವೇ. ಆದರೆ ಅದನ್ನು ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ಇಂಥವಳಿಗೆ ಒಂದು ಶನಿವಾರ ಸಂಜೆ ಪದಬಂಧದ ಬಲಗಡೆಯ ಕೆಳಮೂಲೆ ಕೈಕೊಟ್ಟಿತು. ಮೇಲಿನಿಂದ ಕೆಳಗೆ ತಮಿಳುನಾಡು ಬಂದಿತ್ತು, ಸಂಗಮ ಬಂದಿತ್ತು, ಊಟಿ ಬಂದಿತ್ತು. ಮೂರೂ ಚೊಕ್ಕವಾದ ಉತ್ತರಗಳೇ. ಅವುಗಳ ಕೊನೆಯ ಅಕ್ಷರಗಳು ಅಡ್ಡಸಾಲಿನಲ್ಲಿ ಕೂಡಿ ಆದದ್ದು ‘ಡುಮಟಿ’. ಶಿವರಂಜನಿ ನಿಘಂಟು ತೆಗೆದಳು. ಅದರಲ್ಲಿ ಡುಮಟಿ ಇರಲಿಲ್ಲ. ಊಟಿ ತೆಗೆದರೆ ಮೇಲಿನ ಸಿನಿಮಾ ನಟಿ ಬೀಳುತ್ತಿದ್ದಳು. ನಟಿ ಬಿದ್ದರೆ ಪಕ್ಕದ ಕ್ರಿಕೆಟ್ ಕಪ್ತಾನ ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಸಂಪಾದಕ ಸಿದ್ಧಲಿಂಗನ ಫೋನು ಬಂತು.

“ಮೇಡಂ, ಪೇಜ್ ಕಟ್ಟಾಕತ್ತೀವಿ. ನಿಮ್ಮ ಪದಬಂಧ ಬರಲಿಲ್ಲಂದ್ರ ಆ ಜಾಗದಾಗ ಮೂಲವ್ಯಾಧಿ ಔಷಧದ ಜಾಹೀರಾತು ಹಾಕ್ತೀನಿ ನೋಡ್ರಿ.”

ಶಿವರಂಜನಿ ಕಣ್ಣು ಮುಚ್ಚಿ ಸುಳಿವು ಬರೆದಳು: ‘ಸೇಡಂ ಸೀಮೆಯ ಪ್ರಸಿದ್ಧ ಸಿಹಿತಿಂಡಿ (೩)’. ಬರೀ ಒಂದು ತಿಂಡಿಯ ಹೆಸರಿಗಾಗಿ ವಾಡಿಯಿಂದ ಸೇಡಂವರೆಗೆ ಹೋಗಿ ವಿಚಾರಿಸುವ ಪುಣ್ಯಾತ್ಮರು ಈ ಭೂಮಿಯ ಮೇಲೆ ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬುದೇ ಅವಳ ಧೈರ್ಯ.

ಮುಂದಿನ ವಾರವೆಲ್ಲ ಫೋನು ರಿಂಗಾದರೆ ಅವಳು ನಂಬರು ಎರಡೆರಡು ಸಲ ನೋಡಿಯೇ ಎತ್ತುತ್ತಿದ್ದಳು. ಕೊನೆಗೆ ಸಿದ್ಧಲಿಂಗನೇ ಮಾಡಿದ. ಓದುಗರೆಲ್ಲ ಡುಮಟಿಯನ್ನು ಸರಿಯಾಗಿ ತುಂಬಿದ್ದರಂತೆ. ಚಿತ್ತಾಪುರದವನೊಬ್ಬ, ಈ ಸಲದ ಸುಳಿವು ತೀರಾ ಸುಲಭವಾಯಿತು, ಮೇಡಂ ಸ್ವಲ್ಪ ಕಷ್ಟದ್ದು ಕೇಳಬೇಕು ಎಂದು ದೂರಿದ್ದನಂತೆ.

ಮರುವಾರವೇ ಸೇಡಂ ಬಸ್ ನಿಲ್ದಾಣದ ಎದುರು ನರಸಪ್ಪ ಎಂಬ ಮಿಠಾಯಿ ಅಂಗಡಿಯವನು ‘ಇಲ್ಲಿ ಮೂಲ ಡುಮಟಿ ಸಿಗುತ್ತದೆ’ ಎಂದು ಬೋರ್ಡು ತೂಗುಹಾಕಿದ. ಜೋಳದ ಹಿಟ್ಟು, ಬೆಲ್ಲ, ಶೇಂಗಾ ಕಲಸಿ ತಟ್ಟಿದ ಬಿಲ್ಲೆ. ಮಧ್ಯಾಹ್ನದೊಳಗೆ ತಟ್ಟೆ ಖಾಲಿ. ಆಮೇಲೆ ಯಾರು ಕೇಳಬೇಕು? ಚಿತ್ತಾಪುರದವರು ತೊಗರಿಬೇಳೆಯ ಡುಮಟಿ ಮಾಡಿದರು. ಶಹಾಬಾದಿನವರ ಡುಮಟಿ ಅವರ ಊರಿನ ಹಾಸುಗಲ್ಲಿನಷ್ಟೇ ಗಟ್ಟಿ, ಹಲ್ಲಿದ್ದವರಿಗೆ ಮಾತ್ರ. ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಿತೋ ಇಲ್ಲವೋ, “ಡುಮಟೀ, ಗರಮ್ ಡುಮಟೀ” ಎಂಬ ಕೂಗು ಕಿಟಕಿಯಿಂದ ಕಿಟಕಿಗೆ ಓಡುತ್ತಿತ್ತು. ಮಳಖೇಡದ ಕೋಟೆ ತೋರಿಸುವವನು, ಇಲ್ಲಿಯ ಅರಸರ ಸೈನಿಕರು ಯುದ್ಧಕ್ಕೆ ಹೋಗುವಾಗ ಡುಮಟಿಯನ್ನೇ ಕಟ್ಟಿಕೊಂಡು ಹೋಗುತ್ತಿದ್ದರು ಎನ್ನತೊಡಗಿದ. ಸೋತ ಯುದ್ಧಗಳಿಗೂ ಅದನ್ನೇ ಕಟ್ಟಿಕೊಂಡು ಹೋಗಿದ್ದರೇ ಎಂದು ಯಾರೂ ಕೇಳಲಿಲ್ಲ.

ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ಗೈಡು ತಂದು ತೋರಿಸಿದಳು. ‘ಡುಮಟಿ ಯಾವ ತಾಲ್ಲೂಕಿಗೆ ಸಂಬಂಧಿಸಿದೆ?’ ಕೆಳಗೆ ನಾಲ್ಕು ಆಯ್ಕೆ. “ಮೇಡಂ, ಉತ್ತರ ಸೇಡಮೋ ಚಿಂಚೋಳಿಯೋ?” ಶಿವರಂಜನಿ ಮೊದಲ ಬಾರಿಗೆ ತರಗತಿಯಲ್ಲಿ, ತನಗೆ ಗೊತ್ತಿಲ್ಲ ಎಂದಳು. ಹುಡುಗಿ ಅಯ್ಯೋ ಪಾಪ ಎನ್ನುವಂತೆ ನೋಡಿ ಹೋಗಿ ಕುಳಿತಳು.

ಚಿಂಚೋಳಿ ನಡುವೆ ಬಂದದ್ದು ಹಮೀದಾಬೇಗಂ ಅವರಿಂದ. ಚಿಂಚೋಳಿಯಲ್ಲಿ ಹೊಲಿಗೆ ಕ್ಲಾಸು ನಡೆಸುವ ಈ ಹೆಂಗಸು, ಡುಮಟಿ ತಮ್ಮ ಊರಿನದು, ಸೇಡಂದವರು ಕದ್ದದ್ದು ಎಂದು ಪತ್ರಿಕೆಗೇ ಹೇಳಿಕೆ ಕೊಟ್ಟರು. ಎರಡೂ ತಾಲ್ಲೂಕು ಹತ್ತಿಕೊಂಡು ಉರಿದವು. ಸೇಡಂ ಬಸ್ಸನ್ನು ಚಿಂಚೋಳಿಯಲ್ಲಿ ತಡೆದರು, ಚಿಂಚೋಳಿ ಬಸ್ಸನ್ನು ಸೇಡಂನಲ್ಲಿ. ಕೈಕೈ ಮಿಲಾಯಿಸುವ ತನಕ ಹೋದಾಗ ಹಿರಿಯರು ಸೇರಿ, ಸೇಡಂನಲ್ಲಿ ಡುಮಟಿ ಉತ್ಸವ ಮಾಡುವುದು, ಡುಮಟಿಯನ್ನು ಬೆಳಕಿಗೆ ತಂದ ಶಿವರಂಜನಿ ಮೇಡಂ ಎರಡನ್ನೂ ರುಚಿ ನೋಡಿ ತೀರ್ಪು ಕೊಡುವುದು ಎಂದು ಠರಾಯಿಸಿದರು.

ಶಿವರಂಜನಿಗೆ ಅನ್ನ ಸೇರದಾಯಿತು. ಸುಮ್ಮನಿದ್ದರೆ ತನ್ನ ಹೆಸರು ಚೊಕ್ಕವಾಗಿ ಉಳಿಯುತ್ತದೆ, ಜನ ತಲೆ ಒಡೆದುಕೊಳ್ಳುತ್ತಾರೆ. ಬಾಯಿಬಿಟ್ಟರೆ ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಆ ಚೌಕಟ್ಟಿಗೆ ಹೋಗಿ ಬೀಳುತ್ತದೆ. ಉತ್ಸವದ ಹಿಂದಿನ ದಿನ ಅವಳೇ ಸಿದ್ಧಲಿಂಗನಿಗೆ ಫೋನು ಮಾಡಿದಳು.

“ತಿದ್ದುಪಡಿಗಿ ಜಾಗ ಇಟ್ಟಿರ್ರಿ. ಈ ಸಲ ನಂದು ಅದ.”

“ನಿಮ್ದಾ?” ಎಂದ ಸಿದ್ಧಲಿಂಗ. “ಬ್ಯಾಡ್ರಿ ಮೇಡಂ. ನಮ್ಮ ಪೇಪರ್‌ದಾಗ ಖರೇ ಇರೋದು ನೀವೊಬ್ಬರೇ.”

ಉತ್ಸವದಲ್ಲಿ ಜನವೋ ಜನ. ವೇದಿಕೆಯ ಮೇಲೆ ಒಂದು ಕಡೆ ನರಸಪ್ಪನ ತಟ್ಟೆ, ಇನ್ನೊಂದು ಕಡೆ ಹಮೀದಾಬೇಗಂ ಅವರ ಡಬ್ಬಿ, ನಡುವೆ ಶಾಲು ಹೊದ್ದ ಶಿವರಂಜನಿ. ಅವಳು ಎರಡನ್ನೂ ಮುಟ್ಟದೆ ಮೈಕು ಹಿಡಿದಳು.

“ಡುಮಟಿ ಅಂಬೋದು ಯಾವುದೂ ಇಲ್ರಿ. ಸೇಡಂದಾಗೂ ಇಲ್ಲ, ಚಿಂಚೋಳ್ಯಾಗೂ ಇಲ್ಲ. ಮೂಲ್ಯಾಗ ಅಕ್ಷರ ಕೂಡಲಿಲ್ಲಂತ ನಾನೇ ಹುಟ್ಟಿಸಿದ್ದು. ತಪ್ಪಾಯ್ತು, ಕ್ಷಮಿಸ್ರಿ.”

ಮೈಕು ಕುಂಯ್ ಎಂದಿತು. ಎಲ್ಲರ ಕೈಯಲ್ಲೂ ಅರ್ಧ ತಿಂದ ಡುಮಟಿ ಇತ್ತು. ಅದರ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದರು.

ನರಸಪ್ಪ ಮೊದಲು ಎದ್ದ. “ಮೇಡಂ ವಾಡಿಯವರು, ಪಾಪ. ಅವರಿಗೇನು ಗೊತ್ತದ ಬಿಡ್ರಿ.”

ನಿನ್ನೆಯವರೆಗೆ ಅವನ ಮುಖ ಕಂಡರಾಗದಿದ್ದ ಹಮೀದಾಬೇಗಂ ಅವನ ಪಕ್ಕದಲ್ಲಿ ಹೋಗಿ ನಿಂತರು. “ನಮ್ಮ ಅಮ್ಮೀ ಜ್ವರ ಬಂದು ಮಲಗಿದಾಗ ಇದನ್ನೇ ಬೇಡಿ ತಿಂದಾಳ. ನೀವು ಹುಟ್ಟಿಸೀರಂತ! ನಮ್ಮ ಅಮ್ಮೀನೂ ನೀವೇ ಹುಟ್ಟಿಸೀರೇನು?”

ಜನ ಚಪ್ಪಾಳೆ ತಟ್ಟಿದರು. ಸೇಡಂ, ಚಿಂಚೋಳಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜಗಳ ಅಲ್ಲಿಗೆ ಮುಗಿಯಿತು. ಶಿವರಂಜನಿಯನ್ನು ಯಾರೋ ಮೆಲ್ಲಗೆ ಕೈಹಿಡಿದು ಕೆಳಗಿಳಿಸಿ, ಬಿಸಿಲಿಗೆ ಹೀಗಾಗುತ್ತದೆ ಎಂದು ಮಜ್ಜಿಗೆ ಕೊಟ್ಟರು.

ಭಾನುವಾರ ನಾಲ್ಕನೆಯ ಪುಟದಲ್ಲಿ ಬಂತು: ‘ತಿದ್ದುಪಡಿ: ಡುಮಟಿ ಎಂಬ ತಿಂಡಿ ಇಲ್ಲವೆಂದು ನಮ್ಮ ಪದಬಂಧಕರ್ತೆ ಶಿವರಂಜನಿ ಅವರು ಸಭೆಯಲ್ಲಿ ಹೇಳಿದ್ದು ತಪ್ಪು. ಓದುಗರ ಕ್ಷಮೆ ಕೋರುತ್ತೇವೆ.’

ಬದುಕಿನಲ್ಲಿ ಹೇಳಿದ ಒಂದೇ ಒಂದು ಸುಳ್ಳು ಹಾಗೇ ನಿಂತು, ಅದನ್ನು ಒಪ್ಪಿಕೊಂಡ ನಿಜವೇ ತಪ್ಪೆಂದು ಅಚ್ಚಾಗಿತ್ತು. ಶಿವರಂಜನಿ ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದಳು, ಮತ್ತೆ ಹೆಕ್ಕಿ ಬಿಡಿಸಿ ಓದಿದಳು. ಆಗ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಹಮೀದಾಬೇಗಂ, ಕೈಯಲ್ಲಿ ಡಬ್ಬಿ.

“ಸಿಟ್ಟಾಗಬ್ಯಾಡ್ರಿ ಟೀಚರ. ಮಂದಿ ಮುಂದ ಜರಾ ಜಾಸ್ತಿ ಅಂದೆ. ನೀವು ತಿಂದೇ ನೋಡಿಲ್ಲ, ಅದಕ್ಕ ಇಲ್ಲ ಅಂದೀರಿ. ತಿನ್ರಿ.”

“ಬರ್ರಿ, ಕುಂದ್ರಿ,” ಎಂದಳು ಶಿವರಂಜನಿ ಹಲ್ಲು ಕಡಿದು. ಬೇಗ ತಿಂದು ಬೇಗ ಕಳಿಸುವುದು ಎಂದುಕೊಂಡು ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡಳು. ಜೋಳದ ಹಿಟ್ಟು, ಬೆಲ್ಲ, ಹಂಚಿನ ಮೇಲೆ ಸ್ವಲ್ಪ ಸೀದ ವಾಸನೆ. ಆಮೇಲೆ ಯಾಲಕ್ಕಿ.

“ಇದು ಡುಮಟಿ ಅಲ್ರಿ,” ಎಂದಳು ಬಾಯಿ ತುಂಬಿಕೊಂಡೇ. “ಡುಮಟಿಗಿ ಯಾಲಕ್ಕಿ ಹಾಕಂಗಿಲ್ಲ. ಸೋಂಪು ಹಾಕ್ಬೇಕು.”

ಹೇಳಿದ ಮಾತು ಅವಳ ಕಿವಿಗೇ ಬಿದ್ದು, ಅಗಿಯುವುದು ನಿಂತಿತು. ಹಮೀದಾಬೇಗಂ ಕಣ್ಣು ಕಿರಿದು ಮಾಡಿ, “ಹಂಗಂತ ಯಾರಂದ್ರು?” ಎಂದು ಕೇಳಿದರು.

ಹಬ್ಬದ ಸಂಜೆ ಹೂರಣದ ಪಾತ್ರೆಯ ತಳ ಕೆರೆದು, ಅದಕ್ಕೆ ಹಿಡಿ ಜೋಳದ ಹಿಟ್ಟು, ಚೂರು ಸೋಂಪು ಕಲಸಿ, ಆರುತ್ತಿರುವ ಹಂಚಿನ ಮೇಲೆ ತಟ್ಟಿ ಅವ್ವ ಕೊಡುತ್ತಿದ್ದಳು. ಬೇರೆ ಯಾರಿಗೂ ಅಲ್ಲ, ಶಿವರಂಜನಿಗೆ ಮಾತ್ರ. ಅದಕ್ಕೆ ಹೆಸರಿರಲಿಲ್ಲ. “ತಗೋ, ತಿನ್ನು” ಎನ್ನುತ್ತಿದ್ದಳು, ಅಷ್ಟೇ. ಹೆಸರಿಲ್ಲದ್ದು ಪದಬಂಧದಲ್ಲಿ ಬರುವುದಿಲ್ಲವಲ್ಲ, ಹಾಗಾಗಿ ಶಿವರಂಜನಿ ಇಷ್ಟು ವರ್ಷ ಅದನ್ನು ನೆನೆಸಿಯೇ ಇರಲಿಲ್ಲ. ಈಗ ನೆನೆದಳು, ಕಣ್ಣಲ್ಲಿ ನೀರು ಬಂತು.

“ನಮ್ಮ ಅವ್ವ,” ಎಂದಳು. “ನಮ್ಮ ಅವ್ವ ಸೋಂಪು ಹಾಕ್ತಿದ್ಳು.”

ಹಮೀದಾಬೇಗಂ ಮುಸಿಮುಸಿ ನಗುತ್ತ ಡಬ್ಬಿಯ ಮುಚ್ಚಳ ಹಾಕಿದರು. ಶಿವರಂಜನಿ ಸೆರಗಿನಿಂದ ಮುಖ ಒರೆಸಿಕೊಂಡು ಫೋನು ಎತ್ತಿ ಸಿದ್ಧಲಿಂಗನ ನಂಬರು ಒತ್ತಿದಳು.

“ಇನ್ನೊಂದು ತಿದ್ದುಪಡಿ ಬರಕೊಳ್ರಿ. ನನ್ನ ಹೆಸರು ಹಾಕೇ ಬರೀರಿ. ಸುಳಿವಿನ್ಯಾಗ ಸೇಡಂ ಸೀಮೆ ಅಂತ ಬರದಿದ್ದು ತಪ್ಪು. ಡುಮಟಿ ವಾಡೀದು.”